ಗಿಂಪ್‌ನಲ್ಲಿ ಸ್ಟೇನ್ಡ್ ಗ್ಲಾಸ್: ಫಿಲ್ಟರ್ ಬಿಟ್ಟು ಗೆರೆ ಹಿಡಿದವರಿಗೆ

ಸ್ಟೇನ್ಡ್ ಗ್ಲಾಸ್, ಅಂದರೆ ಬಣ್ಣಗಾಜಿನ ಕಿಟಕಿಯ ಮಾದರಿಯ ಚಿತ್ರಗಳನ್ನು ಮಾಡಲು ನಾನು ಗಿಂಪ್ ಎಂಬ ಚಿತ್ರ ತಿದ್ದುವ ಉಚಿತ ತಂತ್ರಾಂಶವನ್ನು ಅದರ 2.10ನೆಯ ಆವೃತ್ತಿಯ ಕಾಲದಿಂದ ಬಳಸುತ್ತಿದ್ದೇನೆ. ಈಗ ಕಂಪ್ಯೂಟರಿನಲ್ಲಿರುವುದು 2025ರ ಮಾರ್ಚ್‌ನಲ್ಲಿ ಬಂದ 3.0. ನನ್ನ ಚಿತ್ರಗಳಲ್ಲಿ ಹೆಚ್ಚಿನವು ಕಿಟಕಿಗೆ, ದೇವರ ಕೋಣೆಯ ಬಾಗಿಲ ಗಾಜಿಗೆ ಅಂಟಿಸುವ ಪಾರದರ್ಶಕ ಫಿಲ್ಮ್ ಮೇಲೆ ಮುದ್ರಣವಾಗುತ್ತವೆ. ಹಣ ಕೊಡದೆ ಸಿಗುವ ತಂತ್ರಾಂಶ ಇಂಥ ಕೆಲಸಕ್ಕೆ ಸಾಕೇ ಎಂದು ಕೇಳುವವರಿದ್ದಾರೆ. ಧಾರಾಳವಾಗಿ ಸಾಕು. ಆದರೆ ಫೋಟೋ ಹಾಕಿ ಒಂದು ಗುಂಡಿ ಒತ್ತಿದೊಡನೆ ಬಣ್ಣಗಾಜಿನ ಕಿಟಕಿ ಸಿದ್ಧವಾಗಬೇಕು ಎನ್ನುವವರಿಗೆ ಯಾವ ತಂತ್ರಾಂಶವೂ ಸಾಲದು.

ಗುಂಡಿಗಳೇನೋ ಇವೆ. ಫೋಟೋಶಾಪ್‌ನ ಫಿಲ್ಟರ್ ಗ್ಯಾಲರಿಯಲ್ಲಿ ‘ಸ್ಟೇನ್ಡ್ ಗ್ಲಾಸ್’ ಎಂಬ ಹೆಸರಿನದೇ ಒಂದು ಫಿಲ್ಟರ್, ಅಂದರೆ ಚಿತ್ರದ ರೂಪವನ್ನು ತಾನೇ ಬದಲಿಸುವ ಸೌಲಭ್ಯ, ಇದೆ. ಹೋಳುಗಳ ಗಾತ್ರ, ಅಂಚಿನ ದಪ್ಪ, ಬೆಳಕಿನ ಪ್ರಮಾಣ ಮೂರನ್ನೂ ಹೊಂದಿಸಿಕೊಳ್ಳಬಹುದು. ಗಿಂಪ್‌ನಲ್ಲಿ ‘ಡಿಸ್ಟಾರ್ಟ್ಸ್’ ಪಟ್ಟಿಯ ‘ಮೊಸಾಯಿಕ್’ ಹೆಚ್ಚುಕಡಿಮೆ ಇದೇ ಕೆಲಸ ಮಾಡುತ್ತದೆ. ಅದರಲ್ಲಿ ‘ಟೈಲ್ ನೀಟ್‌ನೆಸ್’ ತಗ್ಗಿಸಿದರೆ ಹೋಳುಗಳು ಅಂಕುಡೊಂಕಾಗುತ್ತವೆ. ತೊಂದರೆ ಏನೆಂದರೆ, ಈ ಹೋಳುಗಳಿಗೆ ಚಿತ್ರದಲ್ಲಿ ಏನಿದೆ ಎಂಬುದು ಗೊತ್ತಿಲ್ಲ. ಬಡಗುತಿಟ್ಟಿನ ಯಕ್ಷಗಾನ ವೇಷಧಾರಿಯ ಫೋಟೋ ಕೊಟ್ಟು ನೋಡಿ: ಕಣ್ಣಿನ ನಡುವೆ ಒಂದು ಗೆರೆ, ತುಟಿಯ ಮೇಲೆ ಇನ್ನೊಂದು. ತಲೆಗೆ ಕಟ್ಟುವ ಕೇದಗೆ ಮುಂದಲೆಯ ಜರಿಪಟ್ಟಿಗಳು ಹತ್ತಾರು ಚೂರುಗಳಲ್ಲಿ ಕರಗಿಹೋಗುತ್ತವೆ. ಫ್ರಾನ್ಸಿನ ಕಾನ್ (Caen) ನಗರದ ಗ್ರೇಕ್ ಪ್ರಯೋಗಾಲಯದಲ್ಲಿ ಹುಟ್ಟಿದ ಜಿ’ಮಿಕ್ ಎಂಬ, ಗಿಂಪ್ ಒಳಗೆ ಸೇರಿಸಿಕೊಳ್ಳುವ ಉಚಿತ ಪ್ಲಗಿನ್ ಇವೆರಡಕ್ಕಿಂತ ಜಾಣ. ಅದರ ಸ್ಟೇನ್ಡ್ ಗ್ಲಾಸ್ ಫಿಲ್ಟರ್ ಚಿತ್ರದ ಅಂಚುಗಳನ್ನು ಗುರುತಿಸಿ ಅವುಗಳ ಗುಂಟವೇ ಹೋಳು ಮಾಡುತ್ತದೆ. ಹೂವು, ಎಲೆ, ಬೆಟ್ಟದ ಸಾಲಿಗೆ ಇದು ಚೆನ್ನ. ಮುಖ ಬಂದರೆ ಅದೂ ಸೋಲುತ್ತದೆ.

ಸೋಲಲೇಬೇಕು ಕೂಡ. ನಿಜವಾದ ಬಣ್ಣಗಾಜಿನ ಕಿಟಕಿಯಲ್ಲಿ ಮುಖವನ್ನು ಚೂರುಗಳಿಂದ ಜೋಡಿಸುತ್ತಿರಲಿಲ್ಲ. ಮಧ್ಯಯುಗದ ಯೂರೋಪಿನ ಕುಶಲಕರ್ಮಿಗಳು ಮುಖಕ್ಕೆ ಸಾಮಾನ್ಯವಾಗಿ ಒಂದೇ ಹೋಳು ಗಾಜು ಇಟ್ಟು, ಕಣ್ಣು, ಮೂಗು, ಗಡ್ಡವನ್ನು ಅದರ ಮೇಲೆ ಕಪ್ಪು-ಕಂದು ಬಣ್ಣದಲ್ಲಿ ಬರೆದು ಕುಲುಮೆಯಲ್ಲಿ ಸುಡುತ್ತಿದ್ದರು. ಗಾಜಿನ ಹೋಳುಗಳನ್ನು ಜೋಡಿಸುವ ಸೀಸದ ಪಟ್ಟಿ ಹಾದುಹೋಗುತ್ತಿದ್ದುದು ಬಟ್ಟೆಯ ಮಡಿಕೆ, ತೋಳಿನ ಹೊರಗೆರೆ, ಬಣ್ಣ ಬದಲಾಗುವ ಜಾಗಗಳಲ್ಲಿ. ಗಾಜಿಗೂ ಅದರದೇ ಹಟವಿದೆ. ಇಂಗ್ಲಿಷಿನ ಎಲ್ ಅಕ್ಷರದಂತೆ ಒಳಮೂಲೆಯಿರುವ ಹೋಳನ್ನು ಗೀರಿ ಮುರಿಯಲು ಹೋದರೆ ಬಿರುಕು ಆ ಮೂಲೆಯಿಂದಲೇ ಓಡುತ್ತದೆ. ಹೀಗಾಗಿ ಅಂಥ ಜಾಗದಲ್ಲಿ ಇನ್ನೊಂದು ಸೀಸದ ಪಟ್ಟಿ ಬಂದೇ ಬರುತ್ತದೆ. ಪರದೆಯ ಮೇಲಿನ ಚಿತ್ರದಲ್ಲೂ ಈ ನಿಯಮ ಪಾಲಿಸಿದರೆ ನೋಡುವವರ ಕಣ್ಣು ಅದನ್ನು ಗಾಜೆಂದೇ ಒಪ್ಪುತ್ತದೆ. ಮೈಸೂರು ಅರಮನೆಯ ಕಲ್ಯಾಣ ಮಂಟಪದಲ್ಲಿ ನಿಂತು, ಗ್ಲಾಸ್ಗೋದಿಂದ ಬಂದ ಆ ನವಿಲಿನ ಛಾವಣಿಯನ್ನು ಬಣ್ಣಕ್ಕಾಗಿ ಅಲ್ಲದೆ ಗೆರೆಗಾಗಿ ನೋಡಿ. ಅದಕ್ಕಿಂತ ದೊಡ್ಡ ಪಾಠ ನನಗೆ ಯಾವ ವಿಡಿಯೋದಲ್ಲೂ ಸಿಕ್ಕಿಲ್ಲ.

ಆದ್ದರಿಂದ ನಾನು ಗಿಂಪ್‌ನಲ್ಲಿ ಹೆಚ್ಚು ಹೊತ್ತು ಕಳೆಯುವುದು ಬಿಂದುಗಳನ್ನು ಜೋಡಿಸಿ ಗೆರೆ ಎಳೆಯುವ ‘ಪಾತ್ಸ್’ ಉಪಕರಣದೊಂದಿಗೆ. ಮೂಲ ಫೋಟೋ ಮಸುಕಾಗಿ ಕೆಳಗಿರುತ್ತದೆ, ಸೀಸದ ಗೆರೆಗಳನ್ನು ಒಂದೊಂದಾಗಿ ಅದರ ಮೇಲೆ ಎಳೆಯುತ್ತೇನೆ. ಬಿಂದುಗಳನ್ನು ಎಷ್ಟು ಸಲ ಬೇಕಾದರೂ ಸರಿಸಬಹುದು. ಮುಗಿದ ಮೇಲೆ ‘ಸ್ಟ್ರೋಕ್ ಪಾತ್’ ಕೊಟ್ಟರೆ ಗೆರೆ ಮೂಡುತ್ತದೆ. ಇಲ್ಲಿ ಗೆರೆಯ ದಪ್ಪವನ್ನು ಪಿಕ್ಸೆಲ್ ಬಿಟ್ಟು ಮಿಲಿಮೀಟರಿನಲ್ಲೂ ಕೊಡಬಹುದು. ಮುದ್ರಣಕ್ಕೆ ಮಾಡುವವರಿಗೆ ಇದು ದೊಡ್ಡ ಅನುಕೂಲ. ಒಳಗಿನ ಗೆರೆಗಳಿಗೆ ನಾನು 6 ಮಿ.ಮೀ. ಇಡುತ್ತೇನೆ, ಹೊರ ಚೌಕಟ್ಟಿಗೆ 12. ಇಂಚಿಗೆ 150 ಪಿಕ್ಸೆಲ್ ಇರುವ ಚಿತ್ರದಲ್ಲಿ 6 ಮಿ.ಮೀ. ಎಂದರೆ ಸುಮಾರು 35 ಪಿಕ್ಸೆಲ್.

ಬಣ್ಣ ತುಂಬುವುದು ಹಿಂದೆ ಬೇಸರದ ಕೆಲಸವಾಗಿತ್ತು. 2019ರಲ್ಲಿ ಬಂದ 2.10.10 ಆವೃತ್ತಿ ಅದನ್ನು ಬದಲಿಸಿತು. ಬಣ್ಣ ಸುರಿಯುವ ಉಪಕರಣವಾದ ಬಕೆಟ್ ಫಿಲ್‌ಗೆ ಸೇರಿದ ‘ಲೈನ್ ಆರ್ಟ್ ಡಿಟೆಕ್ಷನ್’ ಗೆರೆಗಳ ನಡುವಿನ ಸಣ್ಣ ಸಂದುಗಳನ್ನು ತಾನೇ ಮುಚ್ಚಿದಂತೆ ಭಾವಿಸಿ ಬಣ್ಣ ತುಂಬುತ್ತದೆ, ಜೊತೆಗೆ ಬಣ್ಣವನ್ನು ಗೆರೆಯ ಅಡಿಯವರೆಗೂ ಹರಿಸುತ್ತದೆ. ಗೆರೆಗೂ ಬಣ್ಣಕ್ಕೂ ನಡುವೆ ಉಳಿಯುತ್ತಿದ್ದ ಬಿಳಿ ಅಂಚಿನ ಕಾಟ ಇದರಿಂದ ತಪ್ಪಿತು. ಗಿಂಪ್‌ನಲ್ಲಿ ನನಗೆ ಅತ್ಯಂತ ಇಷ್ಟವಾದ ಸೌಲಭ್ಯ ಯಾವುದು ಎಂದರೆ ಹಿಂದುಮುಂದು ನೋಡದೆ ಇದನ್ನೇ ಹೇಳುತ್ತೇನೆ.

ಅಲ್ಲಿಗೆ ಸಿಗುವುದು ಮಕ್ಕಳ ಬಣ್ಣದ ಪುಸ್ತಕದಂಥ ಚಪ್ಪಟೆ ಚಿತ್ರ. ಅದು ಗಾಜಾಗುವುದು ಬೆಳಕಿನಿಂದ. ಮೋಡದಂಥ ಕಲೆಗಳನ್ನು ಮೂಡಿಸುವ ‘ಸಾಲಿಡ್ ನಾಯ್ಸ್’ ತುಂಬಿದ ಲೇಯರನ್ನು (ಚಿತ್ರದ ಮೇಲಿನ ಒಂದು ಪದರವನ್ನು) ‘ಸಾಫ್ಟ್ ಲೈಟ್’ ಮೋಡ್‌ನಲ್ಲಿ ತೆಳುವಾಗಿ ಹರಡಿದರೆ ಗಾಜಿನ ಏರಿಳಿತ ಬರುತ್ತದೆ. ಎಲ್ಲ ಹೋಳುಗಳಿಗೂ ಒಂದೇ ನಾಯ್ಸ್ ಸಾಗಿದರೆ ಇಡೀ ಚಿತ್ರ ಒಂದೇ ಹಾಳೆಯಂತೆ ಕಾಣುತ್ತದೆ. ಹಾಗಾಗಿ ಎರಡು ಮೂರು ಲೇಯರ್‌ಗಳನ್ನು ಬೇರೆ ಬೇರೆ ಕೋನಕ್ಕೆ ತಿರುಗಿಸಿ ಹೋಳುಗಳಿಗೆ ಹಂಚುತ್ತೇನೆ. ಆಮೇಲೆ ಇಡೀ ಚಿತ್ರದ ಒಂದು ಪ್ರತಿ ತೆಗೆದು, ‘ಗಾಸಿಯನ್ ಬ್ಲರ್’ ಕೊಟ್ಟು, ‘ಸ್ಕ್ರೀನ್’ ಮೋಡ್‌ನಲ್ಲಿ ಮೇಲಿಟ್ಟರೆ ಬೆಳಕು ಸೀಸದ ಅಂಚನ್ನು ತುಸು ನುಂಗುತ್ತದೆ. ನೀಲಿ ಗಾಜಿನ ಬೆಳಕು ಅಕ್ಕಪಕ್ಕದ ಬಣ್ಣಗಳ ಮೇಲೆ ಹರಡುತ್ತದೆ ಎಂಬುದನ್ನು 19ನೆಯ ಶತಮಾನದಲ್ಲಿ ಫ್ರೆಂಚ್ ವಾಸ್ತುಶಿಲ್ಪಿ ವಿಯೊಲೆ-ಲ-ದ್ಯುಕ್ ವಿವರವಾಗಿ ಬರೆದಿದ್ದ. ನೀಲಿ ಹೋಳುಗಳ ಸುತ್ತ ಮಸುಕನ್ನು ಒಂದಿಷ್ಟು ಹೆಚ್ಚಿಸಿದರೆ ಆತ ಹೇಳಿದ್ದು ಪರದೆಯ ಮೇಲೆಯೇ ಕಾಣುತ್ತದೆ.

3.0ರ ದೊಡ್ಡ ಲಾಭವೆಂದರೆ ಬ್ಲರ್, ಡ್ರಾಪ್ ಶಾಡೋ ಮುಂತಾದ ಫಿಲ್ಟರ್‌ಗಳು ಲೇಯರ್ ಜೊತೆಗೆ ಪ್ರತ್ಯೇಕವಾಗಿ ಉಳಿಯುವುದು. ಮರುದಿನ ಕಡತ ತೆರೆದು ಮಸುಕನ್ನು ಕಡಿಮೆ ಮಾಡಬಹುದು, ನೆರಳನ್ನು ಪೂರ್ತಿ ತೆಗೆಯಲೂಬಹುದು. ಹಿಂದೆ ಇದಕ್ಕಾಗಿ ಲೇಯರ್‌ನ ಪ್ರತಿಗಳನ್ನು ಕಾಪಿಟ್ಟುಕೊಳ್ಳಬೇಕಿತ್ತು.

ಕೊರತೆಗಳಲ್ಲಿ ಮೊದಲನೆಯದು ಮುದ್ರಣಕ್ಕೆ ಸಂಬಂಧಿಸಿದ್ದು. ಮುದ್ರಣದ ಶಾಯಿಗಳಾದ ಸಿಎಂವೈಕೆ ಬಣ್ಣಗಳಲ್ಲೇ ನೇರವಾಗಿ ಚಿತ್ರ ತಿದ್ದಲು ಗಿಂಪ್‌ನಲ್ಲಿ ಬರುವುದಿಲ್ಲ. ಪರದೆಯಲ್ಲಿ ಹೊಳೆಯುವ ನೀಲಿ ಫಿಲ್ಮ್ ಮೇಲೆ ಮಂಕಾಗುತ್ತದೆ. ಮುದ್ರಣದವರಿಂದ ಬಣ್ಣದ ಪ್ರೊಫೈಲ್ ಕೇಳಿ ಪಡೆದು, ‘ಪ್ರೂಫ್ ಕಲರ್ಸ್’ ಚಾಲೂ ಮಾಡಿ, ಯಾವ ಬಣ್ಣ ಕೈಕೊಡುತ್ತದೆ ಎಂದು ಮೊದಲೇ ನೋಡಿಕೊಳ್ಳಬೇಕು. ಎರಡನೆಯದು ಮೆಮೊರಿ. 2 ಅಡಿ ಅಗಲ, 3 ಅಡಿ ಎತ್ತರದ ಚಿತ್ರ 150 ಪಿಕ್ಸೆಲ್ ಲೆಕ್ಕದಲ್ಲಿ 3600×5400 ಆಗುತ್ತದೆ. ಅಂಥ ಒಂದು ಲೇಯರ್‌ಗೆ ಪ್ರತಿ ಬಣ್ಣಕ್ಕೆ 8 ಬಿಟ್‌ನಲ್ಲಿ ಸುಮಾರು 78 ಎಂಬಿ ಬೇಕು, 32 ಬಿಟ್‌ನಲ್ಲಿ 311. ಲೇಯರ್‌ಗಳು ಹತ್ತು ದಾಟಿದರೆ ಹಳೆಯ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ. ಬೆಳಕಿನ ಏರಿಳಿತದಲ್ಲಿ ಪಟ್ಟೆಗಳು ಕಾಣಬಾರದೆಂದರೆ 16 ಬಿಟ್ ಒಳ್ಳೆಯ ನಡುದಾರಿ.

ಕನ್ನಡದ ವಿಷಯದಲ್ಲಿ ದೂರಿಲ್ಲ. ಯೂನಿಕೋಡ್ ಅಕ್ಷರಗಳ ಒತ್ತು, ದೀರ್ಘ ಎಲ್ಲ ಸರಿಯಾಗಿ ಬರುತ್ತವೆ. ಪಠ್ಯವನ್ನು ಪಾತ್ ಆಗಿ ಬದಲಿಸಿ, ಮನೆಯ ಹೆಸರನ್ನೇ ಗಾಜಿನ ಹೋಳುಗಳಾಗಿ ಮಾಡಬಹುದು. ನಮ್ಮ ದುಂಡು ಅಕ್ಷರಗಳು ಈ ಕಲೆಗೆ ಎಷ್ಟು ಒಗ್ಗುತ್ತವೆ ಎಂಬುದನ್ನು ಮಾಡಿಯೇ ನೋಡಬೇಕು.

ಪಾತ್ಸ್ ಉಪಕರಣಕ್ಕೆ ಕೈ ಪಳಗಲು ಹಲವು ವಾರ ಬೇಕು ಎಂಬುದು ನಿಜ. ಅದು ಕಷ್ಟವೆನಿಸಿದವರು ಗೆರೆಗಳನ್ನು ಗೆರೆಚಿತ್ರಗಳ ತಂತ್ರಾಂಶವಾದ ಇಂಕ್‌ಸ್ಕೇಪ್‌ನಲ್ಲಿ ಬರೆದು ಎಸ್‌ವಿಜಿ ಕಡತವಾಗಿ ಉಳಿಸಿ, ಗಿಂಪ್‌ನ ಪಾತ್ಸ್ ಪಟ್ಟಿಗೆ ‘ಇಂಪೋರ್ಟ್ ಪಾತ್’ ಮೂಲಕ ತರಬಹುದು. ಇಂಕ್‌ಸ್ಕೇಪ್ ಕೂಡ ಉಚಿತವೇ.