ಆರು ಗೇರಾ, ಎಂಟು ಗೇರಾ? ಟ್ರೈಲರ್ ಎಳೆಸಿ ನೋಡಿದ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹಳೇ ಆರು ಗೇರಿನ ಆಟೋಮ್ಯಾಟಿಕ್‌ಗೆ. ಎಂಟು ಗೇರಿನ ಪಿಕಪ್ ಹೊಸದಾಗಿ ತಂದು, ಎರಡನ್ನೂ ಇಟ್ಟುಕೊಂಡು, ಒಂದೇ ಟ್ರೈಲರ್ ಎಳೆಸಿ ನೋಡಿ ಆಯಿತು. ಎಂಟರದ್ದನ್ನು ಈಗ ಮಾರಿದ್ದೇನೆ. ಎಂಜಿನ್, ಸೀಟು, ಸ್ಕ್ರೀನು ಇವೆಲ್ಲ ಬ್ರೋಷರ್‌ನಲ್ಲೇ ಸಿಗುತ್ತವೆ, ಬಿಡಿ.

ಆಟೋಮ್ಯಾಟಿಕ್ ಭಾರಕ್ಕೆ ಆಗಲ್ಲ ಅನ್ನುವವರು ಇನ್ನೂ ಇದ್ದಾರೆ. ಟೊಯೋಟಾ ಹೈಲಕ್ಸ್‌ನ 2.8 ಲೀಟರ್ ಡೀಸೆಲ್ ನೋಡಿ. ಮ್ಯಾನ್ಯುಯಲ್‌ನಲ್ಲಿ ಟಾರ್ಕ್, ಅಂದರೆ ತಿರುಗಿಸುವ ಬಲ, 420 ಎನ್‌ಎಂ (ನ್ಯೂಟನ್ ಮೀಟರ್), ಆರು ಗೇರಿನ ಆಟೋಮ್ಯಾಟಿಕ್‌ನಲ್ಲಿ 500. ಎಂಜಿನ್ ಅದೇ. ಜಾಸ್ತಿ ಟಾರ್ಕನ್ನು ಕಂಪನಿಯೇ ಆಟೋಮ್ಯಾಟಿಕ್ ಕೈಗೆ ಕೊಟ್ಟಿದೆ. ಎಂಟು ಗೇರಿನವೂ ಬಲದಲ್ಲಿ ಕಡಿಮೆಯೇನಲ್ಲ. ಜರ್ಮನಿಯ ಜೆಡ್‌ಎಫ್ ಕಂಪನಿಯ 8ಎಚ್‌ಪಿ70 ಸುಮಾರು 700 ಎನ್‌ಎಂ ತಡೆಯುವ ಗೇರ್‌ಬಾಕ್ಸ್. ಹಾಗಾಗಿ ಬಲದ ಜಗಳ ಇಲ್ಲಿಗೇ ಮುಗಿಯಿತು. ಬಾಳಿಕೆ ಮಾತ್ರ ಬೇರೆ ಕಥೆ.

ಎಂಟು ಗೇರಿನದರಲ್ಲಿ ನನಗೆ ಕಾಟ ಕೊಟ್ಟಿದ್ದು ಒಂದು ನಡುಕ. ಸಮತಟ್ಟಾದ ರಸ್ತೆ, ವೇಗ 70ರ ಆಸುಪಾಸು, ಆಕ್ಸಿಲರೇಟರ್ ಮೇಲೆ ಕಾಲು ಇಟ್ಟೂ ಇಡದ ಹಾಗೆ. ಆಗ ಗಾಡಿ ಸಣ್ಣಗೆ ಗಡಗಡ ಅನ್ನುತ್ತಿತ್ತು, ಹೆದ್ದಾರಿ ಅಂಚಿನ ಉಬ್ಬು ಪಟ್ಟಿಗಳ ಮೇಲೆ ಚಕ್ರ ಹೋದ ಹಾಗೆ. ಆರ್‌ಪಿಎಂ ಮುಳ್ಳು ಕೂದಲೆಳೆಯಷ್ಟು ಅದುರುತ್ತಿತ್ತು. ಕಾಲು ಸ್ವಲ್ಪ ಒತ್ತಿದರೆ ಮಾಯ. ಸರ್ವೀಸ್ ಸೆಂಟರ್‌ನಲ್ಲಿ ಮೊದಲು ಟೈರು ಅಂದರು, ಬ್ಯಾಲೆನ್ಸಿಂಗ್ ಮಾಡಿದರು. ಆಮೇಲೆ ಪ್ರೊಪೆಲ್ಲರ್ ಶಾಫ್ಟ್ ಅಂದರು. ಕೊನೆಗೆ 'ಈ ಮಾಡೆಲ್ ಹೀಗೇ ಸರ್' ಅಂದರು.

ಹೀಗೇ ಅಲ್ಲ. ಹೊರಗಿನ ಒಬ್ಬ ಮೆಕ್ಯಾನಿಕ್ ಪಕ್ಕದಲ್ಲಿ ಕೂತು, ನಡುಕ ಬಂದಾಗ ಎಡಗಾಲಿನಿಂದ ಬ್ರೇಕನ್ನು ಸುಮ್ನೆ ಮುಟ್ಟಿ ನೋಡಿ ಅಂದರು. ಹಿಂದೆ ಗಾಡಿಗಳಿಲ್ಲದ ಖಾಲಿ ರಸ್ತೆಯಲ್ಲಿ ಮುಟ್ಟಿದೆ, ತಕ್ಷಣ ನಿಂತುಹೋಯಿತು. ಎಂಜಿನ್ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವುದು ಟಾರ್ಕ್ ಕನ್ವರ್ಟರ್; ಅದರೊಳಗಿನ ಲಾಕಪ್ ಕ್ಲಚ್ ಹಿಡಿದರೆ ಎರಡೂ ನೇರ ಜೋಡಿಯಾಗುತ್ತವೆ. ಬ್ರೇಕ್ ಮುಟ್ಟಿದರೆ ಈ ಕ್ಲಚ್ ಬಿಟ್ಟುಕೊಳ್ಳುತ್ತದೆ. ಅದು ಬಿಟ್ಟಾಗ ನಡುಕ ಹೋದರೆ ತಪ್ಪು ಟೈರಿನದಲ್ಲ, ಆ ಕ್ಲಚ್‌ನದು. ಹೊಸ ಗೇರ್‌ಬಾಕ್ಸ್‌ಗಳಲ್ಲಿ ಮೈಲೇಜಿಗಾಗಿ ಈ ಕ್ಲಚ್ ಕೆಳಗಿನ ಗೇರುಗಳಲ್ಲೇ ಹಿಡಿಯುತ್ತದೆ, ಎಷ್ಟೋ ಸಲ ಬೇಕೆಂದೇ ಒಂಚೂರು ಜಾರಿಕೊಂಡೇ ಓಡುತ್ತದೆ. ಆ ಜಾರುವಿಕೆ ನಯವಾಗಿರಬೇಕಾದರೆ ಆಯಿಲ್ ಚೆನ್ನಾಗಿರಬೇಕು. ಆಯಿಲ್ ಸತ್ವ ಕಳೆದುಕೊಂಡರೆ ಕ್ಲಚ್ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುತ್ತದೆ. ಅದೇ ನಡುಕ.

ಹಾಗಾದರೆ ಆಯಿಲ್ ಬದಲಿಸಿದರಾಯಿತು, ಅಲ್ವಾ? ಇಲ್ಲೇ ಸಿಟ್ಟು ಬಂದಿದ್ದು. ಆ ಗಾಡಿಯ ಪುಸ್ತಕದ ಪ್ರಕಾರ ಗೇರ್‌ಬಾಕ್ಸ್ ಆಯಿಲ್ ಗಾಡಿ ಇರುವಷ್ಟು ದಿನವೂ ಸಾಕು! ನನ್ನದು ಜೆಡ್‌ಎಫ್ ಗೇರ್‌ಬಾಕ್ಸ್ ಅಲ್ಲ. ಆದರೆ ಆ ಜೆಡ್‌ಎಫ್‌ನವರೇ ತಮ್ಮ ಗೇರ್‌ಬಾಕ್ಸ್‌ಗಳಿಗೆ 80,000ದಿಂದ 1,20,000 ಕಿಲೋಮೀಟರ್ ಒಳಗೆ, ಇಲ್ಲವೇ 8 ವರ್ಷಕ್ಕೆ ಆಯಿಲ್ ಬದಲಿಸಿ ಅನ್ನುತ್ತಾರೆ. ಗೇರ್‌ಬಾಕ್ಸ್ ಮಾಡುವವರೇ ಹೀಗಂದ ಮೇಲೆ 'ಜೀವಮಾನದ ಆಯಿಲ್' ಅಂದರೆ ಯಾರ ಜೀವಮಾನ? ವಾರಂಟಿಯದು ಅಂತ ಕಾಣುತ್ತದೆ.

ಬದಲಿಸುವುದೂ ಸುಲಭವಿಲ್ಲ. ಎಂಟು ಗೇರಿನದರ ಅಡಿಯ ಆಯಿಲ್ ಪ್ಯಾನ್ ಪ್ಲಾಸ್ಟಿಕ್, ಫಿಲ್ಟರ್ ಅದರೊಳಗೇ ಸೇರಿಕೊಂಡಿದೆ. ಫಿಲ್ಟರ್ ಬೇಕೆಂದರೆ ಇಡೀ ಪ್ಯಾನ್ ಕೊಳ್ಳಬೇಕು. ಒಮ್ಮೆ ಬಸಿದರೆ ಎಲ್ಲಾ ಆಯಿಲ್ ಬರುವುದೂ ಇಲ್ಲ, ಒಂದಷ್ಟು ಕನ್ವರ್ಟರ್‌ನಲ್ಲೇ ಉಳಿಯುತ್ತದೆ. ಹಾಗಾಗಿ ಸ್ವಲ್ಪ ಓಡಿಸಿ ಮತ್ತೆ ಬಸಿಯಬೇಕು. ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್, ಇಲ್ಲ. ಗಾಡಿ ಸಮನಾಗಿ ನಿಂತಿರಬೇಕು, ಎಂಜಿನ್ ಓಡುತ್ತಿರಬೇಕು, ಸ್ಕ್ಯಾನರ್‌ನಲ್ಲಿ ಆಯಿಲ್ ಬಿಸಿ ಇಷ್ಟೇ ಡಿಗ್ರಿ ಅಂತ ನೋಡಿ ಬೋಲ್ಟ್ ತೆಗೆದು ಮಟ್ಟ ಹಿಡಿಯಬೇಕು. ನನ್ನ ಆರು ಗೇರಿನದಕ್ಕೂ ಡಿಪ್‌ಸ್ಟಿಕ್ ಇಲ್ಲ, ನಿಜ. ಆದರೆ ಪ್ಯಾನ್ ಕಬ್ಬಿಣದ್ದು, ಡ್ರೈನ್ ಬೋಲ್ಟ್ ಇದೆ, ಫಿಲ್ಟರ್ ಬೇರೆಯಾಗಿ ಸಿಗುತ್ತದೆ. ಮನೆಯಂಗಳದಲ್ಲೇ ಮುಗಿಯುವ ಕೆಲಸ.

ಎರಡು ಸಲ ಬಸಿದ ಮೇಲೆ ಎಂಟರ ನಡುಕ ತುಂಬ ಕಡಿಮೆಯಾಯಿತು. ಪೂರ್ತಿ ಹೋಗಲಿಲ್ಲ. ಕ್ಲಚ್‌ನ ಮೇಲ್ಮೈ ಆಗಲೇ ಸವೆದಿದ್ದರೆ ಹೊಸ ಆಯಿಲ್‌ನಿಂದ ಅದು ಮತ್ತೆ ಬರುವುದಿಲ್ಲ, ಕನ್ವರ್ಟರನ್ನೇ ಬದಲಿಸಬೇಕು.

ಏರಿನಲ್ಲಿ ಟ್ರೈಲರ್ ಸಮೇತ ಎಂಟು ಗೇರಿನದು ಆರನೇ ಗೇರಿಗೋ ಐದನೇ ಗೇರಿಗೋ ಅಂತ ಹುಡುಕಾಡುತ್ತಲೇ ಇರುತ್ತದೆ. ಭಾರ ಎಳೆಯಲೆಂದೇ ಇರುವ ಟೋ ಮೋಡ್ ಹಾಕಿದರೆ ಸರಿಹೋಗುತ್ತದೆ, ಆದರೆ ಪ್ರತಿ ಸಲ ನೆನಪಿಟ್ಟು ಹಾಕಬೇಕು. ಆರು ಗೇರಿನದು ಸ್ವಲ್ಪ ಸೋಮಾರಿ, ಕೆಳಗಿನ ಗೇರಿಗೆ ಬರಲು ಯೋಚಿಸುತ್ತದೆ. ಬಂದ ಮೇಲೆ ಅಲ್ಲೇ ನಿಲ್ಲುತ್ತದೆ.

ಮೈಲೇಜ್ ಎಂಟರದ್ದೇ ಚೆನ್ನ. ಹೆದ್ದಾರಿಯಲ್ಲಿ ಸದ್ದೂ ಕಡಿಮೆ.

ಬಿಸಿಯ ವಿಷಯದಲ್ಲಿ ಎರಡೂ ಒಂದೇ. ಭಾರ ಎಳೆಯುವುದಾದರೆ ಗೇರುಗಳ ಸಂಖ್ಯೆಗಿಂತ ಮುಂದಿರುವ ಆಯಿಲ್ ಕೂಲರ್ ಮುಖ್ಯ. ಕೂಲರ್ ರೆಕ್ಕೆಗಳಲ್ಲಿ ಕೆಸರು ಕೂತಿದೆಯಾ ಅಂತ ಬಗ್ಗಿ ನೋಡುವುದು ನನಗೆ ಅಭ್ಯಾಸ.

ನಾನು ಗಾಡಿಯನ್ನು ಹತ್ತು ವರ್ಷ ಇಟ್ಟುಕೊಳ್ಳುವವನು. ನಿಧಾನಕ್ಕೆ ಓಡಿಸುತ್ತೇನೆ, ಭಾರ ಹೇರುತ್ತೇನೆ, ಕನ್ವರ್ಟರ್ ಬದಲಿಸುವಷ್ಟು ದುಡ್ಡು ಪಕ್ಕಕ್ಕೆ ಎತ್ತಿಟ್ಟಿಲ್ಲ. ನನಗೆ ಆರೇ ಸರಿ. ನಾಲ್ಕೈದು ವರ್ಷಕ್ಕೆ ಗಾಡಿ ಬದಲಿಸುವವರು, ಖಾಲಿ ಗಾಡಿಯಲ್ಲೇ ಜಾಸ್ತಿ ಓಡಾಡುವವರು ಎಂಟರದ್ದನ್ನು ಧಾರಾಳವಾಗಿ ತಗೊಳ್ಳಿ. ಸೆಕೆಂಡ್ ಹ್ಯಾಂಡ್ ಆದರೆ ಮಾತ್ರ ಗಾಡಿ ಪೂರ್ತಿ ಬಿಸಿಯಾದ ಮೇಲೆ 60–80ರಲ್ಲಿ ಹಗುರ ಕಾಲಿನಿಂದ ಓಡಿಸಿ ನೋಡಿ, ಗೇರ್‌ಬಾಕ್ಸ್ ಆಯಿಲ್ ಬದಲಿಸಿದ ಬಿಲ್ ಕೇಳಿ. ಬಿಲ್ ಇಲ್ಲ, 'ಅದು ಸೀಲ್ಡು, ಮುಟ್ಟಬಾರದು' ಅಂದರೆ ಬೇರೆ ಗಾಡಿ ನೋಡಿಕೊಳ್ಳಿ.