ರೊಟ್ಟಿ ಉದ್ಯಮದ ತರಬೇತಿಗೆ ದುಡ್ಡು ಕಟ್ಟೋ ಮುಂಚೆ ಇದನ್ನು ಓದಿ

ಮನೆಯಲ್ಲೇ ರೊಟ್ಟಿ, ಚಟ್ನಿಪುಡಿ ಮಾಡಿ ತಿಂಗಳಿಗೆ 60 ಸಾವಿರ ದುಡಿಯಿರಿ ಅನ್ನೋ ಜಾಹೀರಾತು ನಿಮ್ಮ ಮೊಬೈಲಿಗೂ ಬಂದಿರಬಹುದು. ನಮ್ಮ ಕೊಪ್ಪಳದ ಕಡೆ ಮಹಿಳಾ ಸಂಘಗಳ ವಾಟ್ಸಾಪ್ ಗುಂಪುಗಳಲ್ಲಿ ಇದು ಜಾಸ್ತಿ ಓಡಾಡುತ್ತಿದೆ. ನಾನು, ನನ್ನ ನೆಗೆಣ್ಣಿ, ಸಂಘದ ಇನ್ನೂ ಕೆಲವರು ಇಂಥದ್ದೊಂದು ತರಬೇತಿಗೆ ಹೋಗಿ ದುಡ್ಡು ಕಳೆದುಕೊಂಡೆವು. ಇನ್ನೊಬ್ಬರಿಗೆ ಹಾಗೆ ಆಗಬಾರದು ಅಂತ ಎಲ್ಲವನ್ನೂ ಬಿಡಿಸಿ ಬರೆಯುತ್ತಿದ್ದೇನೆ.

ರೊಟ್ಟಿ ಬಡಿಯೋದನ್ನು ನಮಗೆ ಯಾರೂ ಕಲಿಸಬೇಕಾಗಿರಲಿಲ್ಲ. ಗವಿಮಠದ ಜಾತ್ರೆ ಬಂತು ಅಂದರೆ ದಾಸೋಹಕ್ಕೆ ಊರೂರಿಂದ ರೊಟ್ಟಿ ಹೋಗುತ್ತವೆ, ಅದರಲ್ಲಿ ನಮ್ಮ ಓಣಿಯವೂ ಇರುತ್ತವೆ. ನಮಗೆ ಗೊತ್ತಿಲ್ಲದ್ದು ವ್ಯಾಪಾರ. ಒಂದು ರೊಟ್ಟಿಗೆ ಎಷ್ಟು ರೇಟು ಹಾಕಬೇಕು, ಅಂಗಡಿಯವರ ಹತ್ತಿರ ಹೇಗೆ ಮಾತಾಡಬೇಕು, ಲೈಸೆನ್ಸ್ ಎಲ್ಲಿ ಮಾಡಿಸಬೇಕು, ಬ್ಯಾಂಕಿನಲ್ಲಿ ಏನೇನು ಕೇಳುತ್ತಾರೆ. ಜಾಹೀರಾತಿನಲ್ಲಿ ಇವೆಲ್ಲ ಕಲಿಸ್ತೀವಿ ಅಂತಲೇ ಇತ್ತು. ತಲೆಗೆ 3,500 ರೂಪಾಯಿ. ಕೊಪ್ಪಳದಲ್ಲೇ ಒಂದು ಹಾಲ್ ಬಾಡಿಗೆ ಹಿಡಿದಿದ್ದರು.

ಮೊದಲ ದಿನ ಬೆಳಗ್ಗೆಯೆಲ್ಲ ಬರೀ ಹುರಿದುಂಬಿಸೋ ಮಾತು. ಕೂಲಿಯಿಂದ ಶುರು ಮಾಡಿ ಕಾರು ತಗೊಂಡವರ ಫೋಟೋ ತೋರಿಸಿದರು. ಊಟ ಆದ ಮೇಲೆ ಬೋರ್ಡಿನ ಮೇಲೆ ಲೆಕ್ಕ ಬರೆದರು. ಒಂದು ಕೆಜಿ ಜೋಳದ ಹಿಟ್ಟು 50 ರೂಪಾಯಿ. ಅದರಲ್ಲಿ 25 ರೊಟ್ಟಿ. ಒಂದಕ್ಕೆ 10ರಂತೆ 250. ಖರ್ಚು ತೆಗೆದರೆ ಕೆಜಿಗೆ 200 ಲಾಭ. ದಿನಕ್ಕೆ 10 ಕೆಜಿ ಮಾಡಿದರೆ ತಿಂಗಳಿಗೆ 60 ಸಾವಿರ! ಎಲ್ಲರೂ ಚಪ್ಪಾಳೆ ತಟ್ಟಿದರು.

ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಅಜ್ಜಿ ಮಾತ್ರ, "ಸರ, ಗ್ಯಾಸಿನ ಖರ್ಚು ಎಲ್ಲೈತ್ರಿ?" ಅಂತ ಕೇಳಿದರು. "ಅಮ್ಮಾ, ಮೊದಲು ಪಾಸಿಟಿವ್ ಆಗಿ ಯೋಚನೆ ಮಾಡೋದು ಕಲೀರಿ" ಅಂದು ತರಬೇತಿ ಕೊಡುತ್ತಿದ್ದಾತ ಮುಂದಕ್ಕೆ ಹೋದ. ಇಡೀ ತರಬೇತಿಯಲ್ಲಿ ಕೇಳಲೇಬೇಕಾಗಿದ್ದ ಪ್ರಶ್ನೆ ಅಂದರೆ ಅದೊಂದೇ.

ಅದೇ ಲೆಕ್ಕವನ್ನು ನಮ್ಮ ಮನೆಯಲ್ಲಿ ನಿಜವಾಗಿ ಹಾಕಿದಾಗ ಬಂದದ್ದು ಹೀಗೆ. ಒಂದು ಕೆಜಿ ಹಿಟ್ಟಿಗೆ 20 ರೊಟ್ಟಿ ಆಗುತ್ತವೆ. ಖಡಕ್ ರೊಟ್ಟಿ ಅಂದ ಮೇಲೆ ಒಂದೆರಡು ಮುರಿಯುತ್ತವೆ, ಮಾರಾಟಕ್ಕೆ 18 ಸಿಗುತ್ತವೆ. ಅಂಗಡಿಯವರು 10ಕ್ಕೆ ಮಾರಿದರೂ ನಮಗೆ ಕೊಡೋದು 7, ಅಂದರೆ 126 ರೂಪಾಯಿ. ಹಿಟ್ಟು 50, ಗ್ಯಾಸ್ 15, ಕವರ್ ಮತ್ತು ಲೇಬಲ್ 9. ಬಡಿಯೋರಿಗೆ ರೊಟ್ಟಿಗೆ 2 ರೂಪಾಯಿಯಂತೆ 40, ಮುರಿದ ರೊಟ್ಟಿಗೂ ಕೂಲಿ ಕೊಡಲೇಬೇಕಲ್ವಾ. ಒಟ್ಟು 114. ಉಳಿಯೋದು 12 ರೂಪಾಯಿ. 10 ಕೆಜಿಗೆ 120. ಆಟೋ ಬಾಡಿಗೆ, ವಾಪಸ್ ಬಂದ ಮಾಲು ಇದರಲ್ಲೇ ಹೋಗಬೇಕು. ನೀವೇ ಬಡಿದರೆ ಆ 40 ಮನೆಯಲ್ಲೇ ಉಳಿಯುತ್ತದೆ, ಆದರೆ ಅದು ನಿಮ್ಮ ಕೂಲಿ, ವ್ಯಾಪಾರದ ಲಾಭ ಅಲ್ಲ. ಇವೆರಡನ್ನೂ ಬೇರೆ ಬೇರೆ ಬರೆದಿಡೋಕೆ ಕಲಿಸದ ತರಬೇತಿ ಪುಕ್ಕಟೆ ಕೊಟ್ಟರೂ ಬೇಡ ಅಂತೀನಿ ನಾನು.

ಉದ್ರಿ ವಿಷಯ ಅವರು ಎತ್ತಲೇ ಇಲ್ಲ. ಅಂಗಡಿಯವರು ಮಾಲು ಇವತ್ತು ಇಳಿಸಿಕೊಂಡು ದುಡ್ಡು ಹದಿನೈದು ದಿನ ಬಿಟ್ಟು ಕೊಡುತ್ತಾರೆ. ಅಲ್ಲಿವರೆಗೆ ಹಿಟ್ಟು, ಗ್ಯಾಸ್, ಕೂಲಿಗೆ ಕೈಯಿಂದಲೇ ಹಾಕಬೇಕು. ಸಣ್ಣ ಆಹಾರ ವ್ಯಾಪಾರ ನಿಲ್ಲೋದು ಬಹಳ ಸಲ ಇಲ್ಲೇ. ಮಾಲು ಚೆನ್ನಾಗಿರುತ್ತದೆ, ಗಿರಾಕಿಗಳೂ ಇರುತ್ತಾರೆ, ನಾಳೆಯ ಹಿಟ್ಟಿಗೆ ದುಡ್ಡು ಇರೋದಿಲ್ಲ.

ಆಮೇಲೆ ಒಂದೊಂದಾಗಿ ಫೀಸು ಶುರುವಾಯಿತು. ಆಹಾರ ಲೈಸೆನ್ಸಿಗೆ 5,000. ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮವನ್ನು ಸರ್ಕಾರದಲ್ಲಿ ದಾಖಲಿಸೋದು, ಅದಕ್ಕೆ 1,500. ಸಬ್ಸಿಡಿ ಸಾಲದ ಫೈಲ್ ಮಾಡೋಕೆ 10,000. ನಿಜ ಏನು ಗೊತ್ತಾ? ಉದ್ಯಮ್ ನೋಂದಣಿ ಸರ್ಕಾರದ ಜಾಲತಾಣದಲ್ಲಿ ಪೂರ್ತಿ ಉಚಿತ, ಆಧಾರ್, ಪ್ಯಾನ್ ಇದ್ದರೆ ಮನೆಯಲ್ಲೇ ಮಾಡಿಕೊಳ್ಳಬಹುದು. ನಮ್ಮಂಥ ಸಣ್ಣ ಉದ್ಯಮಕ್ಕೆ ಬೇಕಾದ, ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿಯ ಸರ್ಕಾರಿ ಶುಲ್ಕ ಆಗ ವರ್ಷಕ್ಕೆ 100 ರೂಪಾಯಿ ಇತ್ತು. ಅರ್ಜಿ ತುಂಬಿಕೊಡೋಕೆ ಸೈಬರ್ ಅಂಗಡಿಯವರು ಇನ್ನೂರು ಮುನ್ನೂರು ಕೇಳಿದರೆ ಕೊಡಬಹುದು. ಐದು ಸಾವಿರ ಯಾಕೆ?

ಅಷ್ಟು ತಗೊಂಡೂ ನಮ್ಮ ಹೆಸರಿನಲ್ಲಿ ನೋಂದಣಿ ಮಾಡಿಸಲಿಲ್ಲ. ಅವರದೇ 14 ಅಂಕಿಯ ನಂಬರ್ ಕೊಟ್ಟು, ಪ್ಯಾಕೆಟ್ ಮೇಲೆ ಇದನ್ನೇ ಹಾಕಿ ಅಂದರು. ನಮ್ಮ ಪುಣ್ಯ, ಕೊಪ್ಪಳದ ಒಬ್ಬ ಕಿರಾಣಿ ಅಂಗಡಿಯವರು ಮಾಲು ಇಳಿಸಿಕೊಳ್ಳೋ ಮುಂಚೆ ಆ ನಂಬರನ್ನು ಮೊಬೈಲಿನಲ್ಲಿ ಹಾಕಿ ನೋಡಿದರು. ಬೇರೆ ಊರಿನ ವಿಳಾಸ ಬಂತು. "ಅಕ್ಕಾರ, ಇದು ನಿಮ್ಮ ನಂಬರ್ ಅಲ್ರೀ. ನಾಳೆ ಅಧಿಕಾರಿ ಬಂದು ಕೇಳಿದ್ರ ನಾನೂ ಸಿಗ್ತೀನಿ, ನೀವೂ ಸಿಗ್ತೀರಿ" ಅಂದರು. ಆ ನಂಬರ್ ಅನ್ನೋದು ಮಾಲು ತಯಾರಿಸುವವರ ಹೆಸರಿಗೆ, ತಯಾರಿಸುವ ಜಾಗಕ್ಕೆ ಸೇರಿದ್ದು. ಇನ್ನೊಬ್ಬರದು ಹಾಕಿಕೊಳ್ಳೋ ಹಾಗಿಲ್ಲ. ಯಾರು ಎಷ್ಟೇ ಭರವಸೆ ಕೊಟ್ಟರೂ ಇದನ್ನು ಮಾತ್ರ ಮಾಡಬೇಡಿ.

ಎಲ್ಲಕ್ಕಿಂತ ಹೊಟ್ಟೆ ಉರಿಯೋದು ಮಷೀನಿನ ವಿಷಯ. ಕೊನೆಯ ದಿನ 85 ಸಾವಿರದ ರೊಟ್ಟಿ ಮಷೀನ್ ತಂದಿಟ್ಟರು. ಮಷೀನ್ ತಗೊಂಡವರ ಮಾಲನ್ನೆಲ್ಲ ಕಂಪನಿಯೇ ವಾಪಸ್ ಖರೀದಿ ಮಾಡುತ್ತದೆ ಅಂದರು. ನಮ್ಮ ಸಂಘದ ಒಬ್ಬಾಕೆ ಕಿವಿಯ ಬೆಂಡೋಲಿ ಅಡ ಇಟ್ಟು ತಗೊಂಡಳು. ಗಂಡ ಇಲ್ಲ, ಇಬ್ಬರು ಮಕ್ಕಳನ್ನು ಓದಿಸುತ್ತಿದ್ದಾಳೆ. ತೋರಿಸೋವಾಗ ಗೋಧಿ ಹಿಟ್ಟು ಹಾಕಿ ತೋರಿಸಿದ್ದರು. ಮನೆಗೆ ತಂದು ಜೋಳದ ಹಿಟ್ಟು ಹಾಕಿದರೆ ರೊಟ್ಟಿಯ ಅಂಚು ಸುತ್ತಲೂ ಸೀಳುತ್ತಿತ್ತು, ಎತ್ತೋಕೆ ಹೋದರೆ ಎರಡು ತುಂಡು. ಜೋಳಕ್ಕೆ ಗೋಧಿಯ ಅಂಟು ಎಲ್ಲಿಂದ ಬರಬೇಕು? ಕುದಿಯೋ ನೀರು ಹಾಕಿ ನಾದಿ ಕೈಯಲ್ಲಿ ಬಡಿಯೋದು ಅದಕ್ಕೇ ಅಲ್ವಾ. ಆದರೂ ಛಲ ಬಿಡದೆ ಅಷ್ಟಿಷ್ಟು ಮಾಡಿ ಕಳಿಸಿದಳು. ತೇವ ಜಾಸ್ತಿ ಇದೆ ಅಂತ ಪೂರ್ತಿ ವಾಪಸ್ ಬಂತು. ಕರಾರು ಪತ್ರ ತೆಗೆದು ನೋಡಿದರೆ ಅದು ಬರೀ ಲೆಟರ್‌ಹೆಡ್. ಕೆಳಗೆ ಸಣ್ಣ ಅಕ್ಷರದಲ್ಲಿ "ಗುಣಮಟ್ಟ ಕಂಪನಿಗೆ ಒಪ್ಪಿಗೆಯಾದಲ್ಲಿ ಮಾತ್ರ" ಅಂತ ಇತ್ತು. ಯಾವ ಗುಣಮಟ್ಟ, ಯಾರು ಪರೀಕ್ಷೆ ಮಾಡ್ತಾರೆ, ಎಷ್ಟು ದಿನದಲ್ಲಿ ದುಡ್ಡು ಕೊಡ್ತಾರೆ, ಒಂದೂ ಇಲ್ಲ. ಆಮೇಲೆ ಅವರು ಫೋನ್ ಎತ್ತೋದನ್ನೇ ಬಿಟ್ಟರು.

ಮಷೀನ್ ತಗೊಳ್ಳೋದಿದ್ದರೆ ನಿಮ್ಮ ಮನೆಯ ಹಿಟ್ಟು ನೀವೇ ಒಯ್ದು, ಒಂದು ಗಂಟೆ ಓಡಿಸಿ ನೋಡಿ. ಒಪ್ಪದಿದ್ದರೆ ಎದ್ದು ಬನ್ನಿ.

ಸಬ್ಸಿಡಿ ಬಗ್ಗೆಯೂ ಸುಳ್ಳು ಹೇಳಿದ್ದರು. "ಅರ್ಧ ದುಡ್ಡು ಫ್ರೀ, ಕೈಗೆ ಬರುತ್ತೆ" ಅಂತ. ಅವರು ಹೇಳಿದ್ದು 2020ರಲ್ಲಿ ಶುರುವಾದ, ಸಣ್ಣ ಆಹಾರ ತಯಾರಿಕೆ ಘಟಕಗಳಿಗೆ ನೆರವಾಗೋ ಕೇಂದ್ರ ಸರ್ಕಾರದ ಪಿಎಂಎಫ್‌ಎಂಇ ಯೋಜನೆ. ಅದರಲ್ಲಿ ಘಟಕಕ್ಕೆ ಆಗೋ ವೆಚ್ಚಕ್ಕೆ 35 ಪರ್ಸೆಂಟ್, ಹೆಚ್ಚೆಂದರೆ 10 ಲಕ್ಷದವರೆಗೆ ಸಹಾಯಧನ ಇದೆ. ನಮ್ಮ ರಾಜ್ಯ ಸರ್ಕಾರ ಮೇಲೆ 15 ಪರ್ಸೆಂಟ್ ಸೇರಿಸಿದೆ. ಅರ್ಧ ಅನ್ನೋ ಮಾತು ಬಂದಿದ್ದು ಅಲ್ಲಿಂದ. ಆದರೆ ಆ ದುಡ್ಡು ಕೈಗೆ ಬರೋದಿಲ್ಲ. ಬ್ಯಾಂಕಿನ ಸಾಲದ ಲೆಕ್ಕದಲ್ಲೇ ಇಡುತ್ತಾರೆ. ಮೂರು ವರ್ಷ ಘಟಕ ನಡೆಸಿ ಕಂತು ಸರಿಯಾಗಿ ಕಟ್ಟಿದ್ದರೆ ಸಾಲಕ್ಕೆ ಜಮಾ ಆಗುತ್ತದೆ. ನಿಮ್ಮ ಪಾಲಿನ 10 ಪರ್ಸೆಂಟ್ ಮೊದಲು ಹಾಕಲೇಬೇಕು. ಅರ್ಜಿ ಹಾಕೋಕೆ ಸಹಾಯ ಮಾಡಲಿ ಅಂತ ಯೋಜನೆಯಲ್ಲೇ ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳನ್ನು ಇಟ್ಟಿದ್ದಾರೆ, ಅವರಿಗೆ ನಾವು ಫೀಸು ಕೊಡಬೇಕಾಗಿಲ್ಲ. ಅರ್ಜಿ ತಗೊಳ್ಳುತ್ತಿದ್ದಾರಾ ಅಂತ ಜಿಲ್ಲೆಯ ಕೃಷಿ ಇಲಾಖೆ ಕಚೇರಿಯಲ್ಲಿ ಒಮ್ಮೆ ವಿಚಾರಿಸಿಕೊಳ್ಳಿ.

ಹಾಗಾದರೆ ಎಲ್ಲಿ ಕಲಿಯೋದು ಅಂತ ಕೇಳುತ್ತೀರಿ. ಜಿಲ್ಲೆಗೊಂದರಂತೆ ಆರ್‌ಸೆಟಿ ಇದೆ, ಬ್ಯಾಂಕುಗಳು ನಡೆಸೋ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ತರಬೇತಿ ಸಂಸ್ಥೆ ರುಡ್‌ಸೆಟ್ ಮಾದರಿಯಲ್ಲೇ ಇವು ಬಂದದ್ದು. ಹಪ್ಪಳ, ಉಪ್ಪಿನಕಾಯಿ, ಮಸಾಲೆ ಪುಡಿಗೆ 10 ದಿನದ ತರಬೇತಿ ಇದೆ. ಊಟ, ವಸತಿ ಎಲ್ಲ ಉಚಿತ. ನನ್ನ ನೆಗೆಣ್ಣಿ ಆಮೇಲೆ ಅಲ್ಲಿಗೆ ಹೋದಳು. ಪೇಟೆಗೆ ಕಳಿಸಿ, ಅಂಗಡಿಗಳಲ್ಲಿ ಯಾವ ಮಾಲು ಯಾವ ರೇಟಿಗೆ ಹೋಗುತ್ತದೆ ಅಂತ ಬರೆದುಕೊಂಡು ಬರೋಕೆ ಹೇಳಿದರಂತೆ. ವಾಪಸ್ ಬಂದವಳು ಮೊದಲು ಮಾಡಿದ ಕೆಲಸ, ನಮ್ಮ ಶೇಂಗಾ ಚಟ್ನಿಪುಡಿಯ ರೇಟು ತಿದ್ದಿದ್ದು. ಶೇಂಗಾ ಹುರಿದು ಸಿಪ್ಪೆ ತೆಗೆದ ಮೇಲೆ ತೂಕ ಕಡಿಮೆ ಆಗುತ್ತದೆ, ನಾವು ಹಸಿ ಶೇಂಗಾದ ತೂಕಕ್ಕೆ ಲೆಕ್ಕ ಹಾಕುತ್ತಿದ್ದೆವು. ಗಂಗಾವತಿ ಮತ್ತು ಬಳ್ಳಾರಿ ಕಡೆಯ ಹಗರಿಯ ಕೃಷಿ ವಿಜ್ಞಾನ ಕೇಂದ್ರಗಳಲ್ಲೂ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲೂ ಕೇಳಿ ನೋಡಿ.

ಈಗಾಗಲೇ ದುಡ್ಡು ಕಟ್ಟಿ ಸಿಕ್ಕಿಕೊಂಡಿದ್ದರೆ ಸುಮ್ನೆ ಕೂರಬೇಡಿ. ರಸೀದಿ, ಫೋನ್‌ಪೇ ಸ್ಕ್ರೀನ್‌ಶಾಟ್, ಜಾಹೀರಾತು, ವಾಟ್ಸಾಪ್ ಮಾತು ಯಾವುದನ್ನೂ ಅಳಿಸಬೇಡಿ. ಆನ್‌ಲೈನಿನಲ್ಲಿ ವಂಚನೆ ಆಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಗ್ರಾಹಕರ ದೂರಿಗೆ 1915 ಇದೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕ ಇಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕು ಅಂತಲೂ ಇಲ್ಲ. ಎರಡು ವರ್ಷದ ಒಳಗೆ ದೂರು ಕೊಡಬೇಕು. ಮಷೀನ್ ತಗೊಂಡ ನಮ್ಮ ಸಂಘದಾಕೆಯ ದೂರನ್ನು ನಾವೆಲ್ಲ ಕೂತು ಕನ್ನಡದಲ್ಲೇ ಬರೆದುಕೊಟ್ಟಿದ್ದೇವೆ. ಇದೇ ಥರದ ಲೆಟರ್‌ಹೆಡ್ ಕರಾರು ನಿಮ್ಮ ಹತ್ತಿರವೂ ಇದ್ದರೆ ನೀವೂ ದೂರು ಕೊಡಿ.