‘ಹಡಗಲಿ ಮಲ್ಲಿಗೆಯ ಅಬ್ಸಲ್ಯೂಟ್’ ಎಂದು ಮಾರುತ್ತಿರುವ ಸರಕಿನ ಬಗ್ಗೆ ಎಚ್ಚರ

ಬಳ್ಳಾರಿ, ಕೊಪ್ಪಳ, ರಾಯಚೂರು ಭಾಗದಲ್ಲಿ ಅತ್ತರ್, ಅಗರಬತ್ತಿ, ಸಾಬೂನು ತಯಾರಿಸುವ ಸಣ್ಣ ಕಸುಬುದಾರರಿಗೆ ಇತ್ತೀಚೆಗೆ ಫೋನಿನ ಮೂಲಕ ಒಂದು ಆಹ್ವಾನ ಬರುತ್ತಿದೆ. ಹಡಗಲಿ ಮಲ್ಲಿಗೆಯಿಂದ ತೆಗೆದ ಅಪ್ಪಟ ಅಬ್ಸಲ್ಯೂಟನ್ನು, ಅಂದರೆ ಹೂವಿನ ಪರಿಮಳದ ಗಟ್ಟಿ ಸಾರವನ್ನು, ಪೇಟೆಯ ದರದ ಅರ್ಧಕ್ಕೆ, ಪ್ರಯೋಗಾಲಯದ ವರದಿ ಸಮೇತ ಕೊಡುತ್ತೇವೆ ಎನ್ನುವುದು ಅದರ ಸಾರ. ಬಳ್ಳಾರಿಯ ಕೌಲ್ ಬಜಾರಿನಲ್ಲಿರುವ ನಮ್ಮ ಅತ್ತರ್ ಅಂಗಡಿ ಆ ಸರಕನ್ನು ತರಿಸಿ, ಹಣವನ್ನೂ ಮದುವೆಯ ಹಂಗಾಮಿನ ಕೆಲವು ಒಳ್ಳೆಯ ಗಿರಾಕಿಗಳನ್ನೂ ಕಳೆದುಕೊಂಡಿತು. ಮಾರಿದವನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಹೆಸರು ಬದಲಿಸಿಕೊಳ್ಳುವುದು ಅಂಥವರಿಗೆ ಒಂದು ದಿನದ ಕೆಲಸ. ಮೋಸದ ವಿಧಾನ ಮಾತ್ರ ಅಷ್ಟು ಬೇಗ ಬದಲಾಗುವುದಿಲ್ಲ. ಆ ವಿಧಾನವನ್ನು ತಿಳಿದುಕೊಂಡರೆ ಮುಂದಿನವರಾದರೂ ಉಳಿದುಕೊಳ್ಳುತ್ತಾರೆ.

ಮೊದಲು ಬೆಲೆಯ ಲೆಕ್ಕವನ್ನು ನೋಡಬೇಕು. ಹಬೆಯ ಬಿಸಿಗೆ ಮಲ್ಲಿಗೆಯ ಪರಿಮಳದ ಬಹುಪಾಲು ಕೆಡುವುದರಿಂದ ಮೊಗ್ಗುಗಳನ್ನು ಹೆಕ್ಸೇನ್ ಎಂಬ ದ್ರಾವಕದಲ್ಲಿ ತೊಳೆದು, ದ್ರಾವಕವನ್ನು ಹಾರಿಸಿ, ಮೇಣದಂಥ ಕಾಂಕ್ರೀಟನ್ನು ಪಡೆಯುತ್ತಾರೆ. ಆ ಕಾಂಕ್ರೀಟನ್ನು ಆಲ್ಕೋಹಾಲಿನಲ್ಲಿ ಕರಗಿಸಿ, ಚೆನ್ನಾಗಿ ತಣಿಸಿ, ಹೆಪ್ಪುಗಟ್ಟಿದ ಮೇಣವನ್ನು ಸೋಸಿ ತೆಗೆದು, ಕೊನೆಗೆ ಆಲ್ಕೋಹಾಲನ್ನೂ ಹಾರಿಸಿದಾಗ ಉಳಿಯುವ ದಪ್ಪನೆಯ ದ್ರವವೇ ಅಬ್ಸಲ್ಯೂಟ್. ಹಡಗಲಿಯ ಮಲ್ಲಿಗೆ ಜಾಸ್ಮಿನಂ ಆರಿಕ್ಯುಲೇಟಂ ಜಾತಿಗೆ ಸೇರಿದ್ದು. ಅದರಲ್ಲಿ ಕಾಂಕ್ರೀಟ್ ಶೇ. 0.3ರ ಆಸುಪಾಸಿನಲ್ಲಿ ಸಿಗುತ್ತದೆ, ಕಾಂಕ್ರೀಟಿನ ಹೆಚ್ಚುಕಡಿಮೆ ಅರ್ಧದಷ್ಟು ಅಬ್ಸಲ್ಯೂಟ್ ಆಗುತ್ತದೆ. ಅಂದರೆ ಒಂದು ಕಿಲೋ ಅಬ್ಸಲ್ಯೂಟಿಗೆ ಆರುನೂರೈವತ್ತು ಕಿಲೋಗೂ ಹೆಚ್ಚು ಮೊಗ್ಗು ಬೇಕು. ಮೊಗ್ಗಿನ ದರವನ್ನು ಕಿಲೋಗೆ 200 ರೂಪಾಯಿ ಎಂದು ಹಿಡಿದರೂ ಹೂವಿಗೇ 1,30,000 ರೂಪಾಯಿ ಆಗುತ್ತದೆ. ಬಿಡಿಸುವ ಕೂಲಿ ಆ ದರದೊಳಗೇ ಸೇರಿದೆ ಎಂದರೂ ದ್ರಾವಕ, ಆಲ್ಕೋಹಾಲು, ಯಂತ್ರ, ಸಾಗಣೆಯ ಖರ್ಚುಗಳು ಬೇರೆ. ದುಂಡು ಮಲ್ಲಿಗೆಯಲ್ಲಿ ಕಾಂಕ್ರೀಟಿನ ಇಳುವರಿ ಶೇ. 0.14ರಿಂದ 0.19 ಮಾತ್ರ, ಸುಗಂಧರಾಜದಲ್ಲಿ ಅದಕ್ಕಿಂತಲೂ ಕಡಿಮೆ. ಆ ವಾರದ ಹೂವಿನ ದರವನ್ನು ಮಾರುಕಟ್ಟೆಯಲ್ಲಿ ವಿಚಾರಿಸಿ ಈ ಲೆಕ್ಕವನ್ನು ಯಾರು ಬೇಕಾದರೂ ಮಾಡಬಹುದು. ಹೂವಿನ ಬೆಲೆಗಿಂತ ಅಗ್ಗವಾಗಿ ಅಬ್ಸಲ್ಯೂಟ್ ಸಿಗುತ್ತದೆ ಎಂದರೆ ಆ ಸೀಸೆಯಲ್ಲಿ ಹೂವಲ್ಲದ್ದು ಏನೋ ಇದೆ ಎಂದೇ ಅರ್ಥ.

ನಮಗೆ ಬಂದ ದರ ಆ ಮಟ್ಟಕ್ಕೆ ಇಳಿದಿರಲಿಲ್ಲ, ಅದಕ್ಕೆ ತುಸು ಮೇಲೇ ಇತ್ತು. ದಾಸ್ತಾನು ಉಳಿದಿದೆ, ಬೇಸಿಗೆಯಲ್ಲಿ ಇಟ್ಟುಕೊಳ್ಳಲಾಗದೆ ಕೊಡುತ್ತಿದ್ದೇವೆ ಎಂಬ ಕಾರಣವೂ ಬಳ್ಳಾರಿಯ ಬಿಸಿಲನ್ನು ಬಲ್ಲವರಿಗೆ ಸಹಜವಾಗಿಯೇ ಕೇಳಿಸುತ್ತದೆ. ಮೊದಲು ಬಂದದ್ದು ಒಂದು ಚಿಕ್ಕ ಮಾದರಿ ಸೀಸೆ. ಕೆಂಪು ಛಾಯೆಯ ಕಂದು ಬಣ್ಣ, ಜೇನಿಗಿಂತ ತುಸು ತೆಳುವಾದ ಹರಿವು, ವಾಸನೆ ನೋಡುವ ಬ್ಲಾಟರ್ ಕಾಗದದ ಪಟ್ಟಿಯ ಮೇಲೆ ಮರುದಿನದವರೆಗೂ ಬೇರೆ ಬೇರೆ ಹಂತಗಳಲ್ಲಿ ಬದಲಾಗುತ್ತ ನಿಂತ ವಾಸನೆ: ಮಾದರಿ ನಿಜಕ್ಕೂ ಒಳ್ಳೆಯ ಅಬ್ಸಲ್ಯೂಟೇ ಆಗಿತ್ತು. ಮೋಸ ಇದ್ದದ್ದು ಅದರ ನಂತರ ಬಂದ ಡಬ್ಬಿಯಲ್ಲಿ. ಮುಚ್ಚಳ ತೆಗೆದ ಕೂಡಲೇ ಬರುವ ವಾಸನೆ ಮಾದರಿಗೆ ಸರಿಹೊಂದುವಂತೆ ಅದನ್ನು ಜಾಣತನದಿಂದ ಕಲಸಲಾಗಿತ್ತು. ಮೊದಲ ಒಂದು ಗಂಟೆಯಲ್ಲಿ ಎರಡಕ್ಕೂ ವ್ಯತ್ಯಾಸ ಹಿಡಿಯುವುದು ಪಳಗಿದ ಮೂಗಿಗೂ ಕಷ್ಟ. ಈ ದಂಧೆ ನಿಂತಿರುವುದು ಆ ಒಂದು ಗಂಟೆಯ ಮೇಲೆಯೇ. ಅದರಿಂದ ಮಾಡಿದ ಅತ್ತರನ್ನು ಒಯ್ದವರು, ಸಂಜೆ ಹಚ್ಚಿಕೊಂಡದ್ದು ಊಟದ ಹೊತ್ತಿಗೆ ಸೋಪಿನ ವಾಸನೆಯಾಗಿ ಉಳಿಯುತ್ತದೆ ಎಂದು ಹಿಂದಕ್ಕೆ ತಂದುಕೊಡಲು ಆರಂಭಿಸಿದರು.

ಕೊಳ್ಳುವವರಲ್ಲಿ ಬೇರೂರಿರುವ ಒಂದು ನಂಬಿಕೆ ಈ ಮೋಸಕ್ಕೆ ದಾರಿ ಮಾಡಿಕೊಟ್ಟಿದೆ. ಅಬ್ಸಲ್ಯೂಟ್ ಎಂದರೆ ಆಗಷ್ಟೇ ಅರಳಿದ ಹೂವಿನಂತೆ ಘಮಘಮಿಸಬೇಕು ಎಂದು ಬಹಳ ಮಂದಿ ತಿಳಿದಿದ್ದಾರೆ. ನಿಜವಾದ ಮಲ್ಲಿಗೆಯ ಅಬ್ಸಲ್ಯೂಟ್ ಹಾಗಿರುವುದಿಲ್ಲ. ಮೊದಲು ಹಣ್ಣಿನ ಸಿಹಿಯಂಥ ಒಂದು ಅಲೆ ಬರುತ್ತದೆ; ಅದು ಹೆಚ್ಚಾಗಿ ಬೆಂಜೈಲ್ ಅಸಿಟೇಟ್ ಎಂಬ ಅಂಶದ್ದು, ಬೇಗ ಆರಿಹೋಗುತ್ತದೆ. ಅದರ ಹಿಂದೆ ಎಲೆಯ ಹಸಿರು, ಚಹಾದ ಒಗರು, ಆಮೇಲೆ ಇಂಡೋಲ್ ಎಂಬ ಅಂಶದ ಭಾರವಾದ, ಮೈಬೆವರನ್ನು ನೆನಪಿಸುವ ವಾಸನೆ ಮೇಲೇಳುತ್ತದೆ. ಕೆಲವರು ಇದನ್ನು ಕೆಟ್ಟ ವಾಸನೆ ಎಂದು ತಿರಸ್ಕರಿಸುತ್ತಾರೆ, ಆದರೆ ಮಲ್ಲಿಗೆಯ ಜೀವ ಇರುವುದೇ ಅಲ್ಲಿ. ಕೊನೆಗೆ, ಮರುದಿನದ ಹೊತ್ತಿಗೆ, ಒಣಹುಲ್ಲು ಮತ್ತು ಜೇನುಮೇಣದಂಥ ಮೆಲುವಾದ ಶೇಷ ಪಟ್ಟಿಯ ಮೇಲೆ ಉಳಿದಿರುತ್ತದೆ.

ನಮ್ಮ ಅಂಗಡಿಯ ಎದುರಿಗೆ ಬಹುಕಾಲದಿಂದ ಹೂವಿನ ದಂಡೆ ಕಟ್ಟಿ ಮಾರುವ ಹಿರಿಯರೊಬ್ಬರಿದ್ದಾರೆ. ಓಣಿಯವರೆಲ್ಲ ಅವರನ್ನು ದೊಡ್ಡವ್ವ ಎಂದೇ ಕರೆಯುತ್ತೇವೆ. ಮಾದರಿಯನ್ನೂ ಸರಕನ್ನೂ ಹಚ್ಚಿ ಒಂದು ರಾತ್ರಿ ಇಟ್ಟಿದ್ದ ಎರಡು ಪಟ್ಟಿಗಳನ್ನು, ಯಾವುದು ಯಾವುದೆಂದು ಹೇಳದೆ, ಅವರ ಕೈಗೆ ಕೊಟ್ಟೆ. ಮಾದರಿಯ ಪಟ್ಟಿಯನ್ನು ಮೂಸಿ, “ಇದು ರಾತ್ರಿ ಮುಡಕೊಂಡು ಮುಂಜಾನೆ ತೆಗೆದ ಹೂವಿನ ವಾಸನಿ ಐತಪ್ಪ” ಎಂದರು. ಸರಕಿನ ಪಟ್ಟಿಯನ್ನು ಎರಡು ಸಲ ಮೂಸಿ, “ಇದರಾಗ ಹೂವಾ ಬಾಡೇ ಇಲ್ಲಲ್ಲ ತಮ್ಮಾ” ಎಂದರು. ನಂತರ ನಾವೇ ಮಾಡಿಸಿದ ಪ್ರಯೋಗಾಲಯದ ವರದಿ ಪುಟಗಟ್ಟಲೆ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಕೃತಕ ಮಿಶ್ರಣ ಮೊದಲ ಗಂಟೆಯಲ್ಲಿ ಹೇಗಿರುತ್ತದೆಯೋ ಮರುದಿನವೂ ಬಹುಪಾಲು ಹಾಗೆಯೇ ಇರುತ್ತದೆ, ಇಲ್ಲವೇ ಸಿಹಿ ಹಾರಿಹೋಗಿ ಸೋಪಿನ ಚಪ್ಪಟೆ ವಾಸನೆಗೆ ಇಳಿಯುತ್ತದೆ; ಅದಕ್ಕೆ ಬಾಡುವ ಗುಣವಿಲ್ಲ. ಆದ್ದರಿಂದ ಪಟ್ಟಿಯ ಮೇಲೆ ಹಚ್ಚಿದ ಹೊತ್ತನ್ನು ಬರೆದಿಟ್ಟು, ಹತ್ತು ನಿಮಿಷಕ್ಕೆ, ಒಂದು ಗಂಟೆಗೆ, ಆರು ಗಂಟೆಗೆ, ಮರುದಿನ ಹೀಗೆ ಮೂಸಬೇಕು. ನಮ್ಮ ಕಡೆಯ ಏಪ್ರಿಲ್, ಮೇ ತಿಂಗಳ ಸೆಖೆಯಲ್ಲಿ ಮೇಲಿನ ವಾಸನೆ ಬೇಗ ಹಾರಿಹೋಗುವುದರಿಂದ ಈ ಪರೀಕ್ಷೆಯನ್ನು ಫ್ಯಾನಿನ ಗಾಳಿ ತಾಗದ ತಂಪು ಕೋಣೆಯಲ್ಲಿ ಮಾಡುವುದು ಒಳ್ಳೆಯದು. ಮೊದಲ ಉಸಿರಿನಲ್ಲೇ ಪೆಟ್ರೋಲಿನ ಎಳೆ ಕಂಡರೆ ಹೆಕ್ಸೇನನ್ನು ಸರಿಯಾಗಿ ಹಾರಿಸಿಲ್ಲ ಎಂದು ತಿಳಿಯಬೇಕು. ಅದು ಕಲಬೆರಕೆಯಲ್ಲದಿದ್ದರೂ ಮೈಗೆ ಹಚ್ಚುವ ಅತ್ತರಿಗೆ ಒಗ್ಗದ ಸರಕು.

ಮೂಗಿನ ಜೊತೆಗೆ ತೂಕವನ್ನೂ ನಂಬಬಹುದು. ಮಲ್ಲಿಗೆಯ ಅಬ್ಸಲ್ಯೂಟ್ ಸಾಮಾನ್ಯವಾಗಿ ನೀರಿಗಿಂತ ಹಗುರ. ಅದೇ ಅಳತೆಯ ನೀರು ಐದು ಗ್ರಾಂ ತೂಗಿದರೆ ಇದು 4.7 ಗ್ರಾಂ ಸುಮಾರಿಗೆ ತೂಗುತ್ತದೆ. ಕಲಬೆರಕೆಗೆ ಬಳಸುವ ವಸ್ತುಗಳಲ್ಲಿ ಹೆಚ್ಚಿನವು ನೀರಿಗಿಂತ ಭಾರ. ಅಗರಬತ್ತಿಯವರಿಗೆಲ್ಲ ಪರಿಚಿತವಾದ ಡಿ.ಇ.ಪಿ., ಅಂದರೆ ಡೈಈಥೈಲ್ ಥಾಲೇಟ್, ನೀರಿನ 1.12 ಪಟ್ಟು ತೂಗುತ್ತದೆ. ಅದಕ್ಕೆ ತನ್ನದೇ ವಾಸನೆ ಇಲ್ಲವೆನ್ನುವಷ್ಟು ಕಡಿಮೆ, ಬೇಗ ಹಾರಿಹೋಗುವುದೂ ಇಲ್ಲ, ಆದ್ದರಿಂದಲೇ ಕಲಬೆರಕೆ ಮಾಡುವವರಿಗೆ ಅದು ಅಚ್ಚುಮೆಚ್ಚು. ನೆರೆಯ ಅಕ್ಕಸಾಲಿಗರ ಸೂಕ್ಷ್ಮ ತಕ್ಕಡಿಯಲ್ಲಿ ಒಂದೇ ಪುಟ್ಟ ಸೀಸೆಗೆ ಮೊದಲು ನೀರು, ಆಮೇಲೆ ಸರಕು ತುಂಬಿ ತೂಗಿದಾಗ, ನೀರಿನ ಐದು ಗ್ರಾಮಿಗೆ ನಮ್ಮ ಸರಕು 5.3 ಗ್ರಾಂ ತೋರಿಸಿತು. ಒಂದು ಲೋಟ ನೀರಿಗೆ ಬಿಟ್ಟ ಹನಿ ತೇಲದೆ ತಳಕ್ಕೆ ಇಳಿಯಿತು. ಈ ಪರೀಕ್ಷೆಯನ್ನು ಎಲ್ಲ ಹೂವುಗಳಿಗೂ ಹಾಗೆಯೇ ಅನ್ವಯಿಸಬಾರದು, ಏಕೆಂದರೆ ಸುಗಂಧರಾಜದ ಅಬ್ಸಲ್ಯೂಟ್ ಸಹಜವಾಗಿಯೇ ನೀರಿನಷ್ಟು ಅಥವಾ ಅದಕ್ಕಿಂತ ತುಸು ಹೆಚ್ಚು ತೂಗಬಲ್ಲದು.

ಡಿ.ಪಿ.ಜಿ. ಎಂದು ಕರೆಯುವ ಡೈಪ್ರೊಪಿಲೀನ್ ಗ್ಲೈಕಾಲ್ ಬೆರೆಸಿದ್ದರೆ ಬೇರೆ ಉಪಾಯವಿದೆ. ಅದು ನೀರಿನಲ್ಲಿ ಪೂರ್ತಿಯಾಗಿ ಬೆರೆಯುವುದರಿಂದ, ಅಳತೆಯ ಗೆರೆಗಳಿರುವ ನಳಿಕೆಯಲ್ಲಿ ಸರಕನ್ನೂ ನೀರನ್ನೂ ಸಮಸಮ ಹಾಕಿ ಕುಲುಕಿ, ತಿಳಿಯಾಗಲು ಬಿಟ್ಟು ನೋಡಿದರೆ ಎಣ್ಣೆಯ ಪದರ ಮೊದಲಿಗಿಂತ ಕುಗ್ಗಿರುತ್ತದೆ. ಅಡುಗೆ ಎಣ್ಣೆ ಬೆರೆಸಿದ್ದರೆ ಆಲ್ಕೋಹಾಲಿನಲ್ಲಿ ಕರಗಿಸಿದಾಗ ಮಬ್ಬು ಕಟ್ಟುತ್ತದೆ, ಆದರೆ ಹರಳೆಣ್ಣೆ ಆಲ್ಕೋಹಾಲಿನಲ್ಲೂ ಕರಗುವುದರಿಂದ ಅದು ಈ ಪರೀಕ್ಷೆಯನ್ನು ತಪ್ಪಿಸಿಕೊಳ್ಳುತ್ತದೆ. ಬಣ್ಣವನ್ನಂತೂ ಸಾಕ್ಷಿಯಾಗಿ ಹಿಡಿಯಬೇಡಿ. ಹಳೆಯದಾದಷ್ಟೂ ಮಲ್ಲಿಗೆಯ ಅಬ್ಸಲ್ಯೂಟ್ ತಾನಾಗಿಯೇ ಕಪ್ಪಾಗುತ್ತದೆ, ಕಲಬೆರಕೆಗೆ ಬಣ್ಣ ಕೊಡುವುದೂ ಕಷ್ಟವಲ್ಲ.

ಇನ್ನು ವರದಿಯ ಸಂಗತಿ. ಮಾರಿದವನು ವಾಟ್ಸ್‌ಆ್ಯಪಿನಲ್ಲಿ ಕಳಿಸಿದ ಗ್ಯಾಸ್ ಕ್ರೊಮೆಟೊಗ್ರಫಿ ವರದಿ, ಅಂದರೆ ಸರಕಿನಲ್ಲಿರುವ ಅಂಶಗಳನ್ನು ಬಿಡಿಬಿಡಿಯಾಗಿ ತೋರಿಸುವ ವರದಿ, ನೋಡಲು ಅಚ್ಚುಕಟ್ಟಾಗಿತ್ತು. ಅದರಲ್ಲಿ ಸರಕಿನ ಹೆಸರು ಜಾಸ್ಮಿನಂ ಗ್ರ್ಯಾಂಡಿಫ್ಲೋರಂ ಎಂದಿತ್ತು. ಅದು ಜಾಜಿ, ಹಡಗಲಿ ಮಲ್ಲಿಗೆಯ ಜಾತಿಯೇ ಬೇರೆ. ಬ್ಯಾಚ್ ಸಂಖ್ಯೆ ಡಬ್ಬಿಯ ಮೇಲಿನ ಸಂಖ್ಯೆಗೆ ತಾಳೆಯಾಗುತ್ತಿರಲಿಲ್ಲ. ಬೇರೆ ಯಾವುದೋ ಕಾಲದ, ಬೇರೆ ಯಾವುದೋ ಒಳ್ಳೆಯ ಸರಕಿನ ವರದಿಯನ್ನು ಎಲ್ಲರಿಗೂ ಹಂಚುತ್ತಿದ್ದಾನೆ ಎನ್ನುವುದರಲ್ಲಿ ನನಗೆ ಸಂಶಯವಿಲ್ಲ. ನಾವೇ ಸರಕನ್ನು ಪರೀಕ್ಷೆಗೆ ಕಳಿಸಿದಾಗ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಡಿ.ಇ.ಪಿ. ಇರುವುದು ಗೊತ್ತಾಯಿತು. ಉಳಿದದ್ದರಲ್ಲಿ ಬೆಂಜೈಲ್ ಅಸಿಟೇಟ್ ತುಂಬಿಕೊಂಡಿತ್ತು, ಜೊತೆಗೆ ಕಾರ್ಖಾನೆಯಲ್ಲಿ ತಯಾರಾಗುವ ಆಮೈಲ್ ಸಿನ್ನಮಾಲ್ಡಿಹೈಡ್. ಬೆಂಜೈಲ್ ಅಸಿಟೇಟ್ ಮಲ್ಲಿಗೆಯಲ್ಲೂ ಇರುವುದರಿಂದ ಅದು ಕಂಡಿತೆಂಬ ಒಂದೇ ಕಾರಣಕ್ಕೆ ದೂರಲಾಗದು, ಅದರ ಪ್ರಮಾಣವನ್ನು ನೋಡಬೇಕು. ವರದಿ ಓದುವವರು ಮುಖ್ಯವಾಗಿ ಗಮನಿಸಬೇಕಾದದ್ದು ಕೊನೆಯ ಸಾಲುಗಳನ್ನು. ದ್ರಾವಕದಿಂದ ತೆಗೆದ ನಿಜವಾದ ಮಲ್ಲಿಗೆಯ ಸಾರದಲ್ಲಿ ಫೈಟಾಲ್, ಐಸೊಫೈಟಾಲ್‌ನಂಥ ಭಾರವಾದ, ಸುವಾಸನೆಗೆ ಹೆಚ್ಚೇನೂ ಕೊಡದ ಅಂಶಗಳು ಗಿಡದಿಂದಲೇ ಬಂದು ಸೇರಿರುತ್ತವೆ. ವಾಸನೆ ಕೊಡದ ಇವನ್ನು ಹಣ ಕೊಟ್ಟು ತಂದು ಬೆರೆಸುವ ಗೊಡವೆಗೆ ಸಾಮಾನ್ಯ ಕಲಬೆರಕೆಯವನು ಹೋಗುವುದಿಲ್ಲ. ನಮ್ಮ ಸರಕಿನಲ್ಲಿ ಅವು ತೀರ ಅಲ್ಪವಾಗಿದ್ದವು, ಅಂದರೆ ಹೆಸರಿಗಷ್ಟು ಅಸಲಿ ಸರಕು ಸೇರಿಸಿದ್ದರು. ಕನೌಜಿನಲ್ಲಿ ಕೇಂದ್ರ ಸರ್ಕಾರದ ಸುಗಂಧ ಮತ್ತು ಸ್ವಾದ ಅಭಿವೃದ್ಧಿ ಕೇಂದ್ರವಿದೆ. ಸಣ್ಣ ಉದ್ಯಮಿಗಳ ಮಾದರಿಗಳನ್ನೂ ಅಲ್ಲಿ ಪರೀಕ್ಷಿಸುತ್ತಾರೆ. ದೊಡ್ಡ ಮೊತ್ತದ ಸರಕಿಗೆ ಮಾರುವವನ ವರದಿಯನ್ನು ಬದಿಗಿಟ್ಟು ಸ್ವಂತ ಪರೀಕ್ಷೆಯನ್ನೇ ಮಾಡಿಸಬೇಕು.

ನನಗೆ ಎಲ್ಲಕ್ಕಿಂತ ಸಿಟ್ಟು ಬಂದದ್ದು ಬಿಲ್ಲನ್ನು ನೋಡಿದಾಗ. ಜಿ.ಎಸ್.ಟಿ. ವ್ಯವಸ್ಥೆಯಲ್ಲಿ ಸುಗಂಧ ತೈಲ, ಕಾಂಕ್ರೀಟ್, ಅಬ್ಸಲ್ಯೂಟ್‌ಗಳಿಗೆ 3301 ಎಂಬ ಎಚ್.ಎಸ್.ಎನ್. (ಸರಕಿನ ವರ್ಗ ಸೂಚಿಸುವ) ಸಂಖ್ಯೆ, ಸುಗಂಧ ವಸ್ತುಗಳ ಮಿಶ್ರಣಕ್ಕೆ 3302. ಮಾತಿನಲ್ಲಿ, ಸಂದೇಶದಲ್ಲಿ, ಡಬ್ಬಿಯ ಚೀಟಿಯಲ್ಲಿ ಎಲ್ಲೆಲ್ಲೂ ಅಬ್ಸಲ್ಯೂಟ್ ಎಂದಿದ್ದವನು ಬಿಲ್ಲಿನಲ್ಲಿ ಮಾತ್ರ 3302 ಎಂದು ನಮೂದಿಸಿದ್ದ. ತಾನು ಮಾರುತ್ತಿರುವುದು ಮಿಶ್ರಣ ಎಂಬುದು ಅವನಿಗೆ ಮೊದಲೇ ಗೊತ್ತಿತ್ತು, ದೂರು ಬಂದರೆ ತೋರಿಸಲು ಕಾಗದವನ್ನೂ ಸಿದ್ಧ ಮಾಡಿಕೊಂಡಿದ್ದ. ಮೊಗ್ಗು ಅರಳುವ ಮೊದಲೇ ನಸುಕಿನಲ್ಲಿ ಎದ್ದು ಬಿಡಿಸುವ ಹಡಗಲಿಯ ರೈತರ ಬೆಳೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದೆ. 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರುವ ತನಕ ಆ ತಾಲ್ಲೂಕು ನಮ್ಮ ಬಳ್ಳಾರಿಯದ್ದೇ ಆಗಿತ್ತು, ಇಂದಿಗೂ ಇಲ್ಲಿನವರ ಮನಸ್ಸಿನಲ್ಲಿ ನಮ್ಮದೇ. ಆ ಹೆಸರಿನ ಮೇಲೆ ನಮಗಿರುವ ಅಭಿಮಾನವನ್ನೇ ಬಂಡವಾಳ ಮಾಡಿಕೊಂಡು ಅದೇ ಹೆಸರಿಗೆ ಮಸಿ ಬಳಿಯುವ ವ್ಯಾಪಾರ ಇದು.

ಹಣ ವಾಪಸು ಕೇಳುವ ದಾರಿಯ ಬಗ್ಗೆಯೂ ಹೇಳಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವ್ಯಾಪಾರಕ್ಕಾಗಿ ಕೊಂಡ ಸರಕಿಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ; ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿ ಕೊಂಡವರಿಗೆ ಮಾತ್ರ ಅದರಲ್ಲಿ ಅವಕಾಶವಿದೆ. ಆದರೆ 1930ರ ಸರಕು ಮಾರಾಟ ಕಾಯ್ದೆಯ 17ನೇ ಕಲಂ, ಮಾದರಿ ತೋರಿಸಿ ಮಾರಿದ ಸರಕು ಗುಣದಲ್ಲಿ ಆ ಮಾದರಿಗೆ ಹೊಂದಿರಲೇಬೇಕು ಎನ್ನುತ್ತದೆ. ಆ ಕಲಮಿನ ಆಸರೆ ಬೇಕಿದ್ದರೆ ಮಾದರಿ ಉಳಿದಿರಬೇಕು. ಮಾದರಿ ಬಂದಾಗ ಅದರ ಅರ್ಧವನ್ನು ಗಾಢ ಬಣ್ಣದ ಗಾಜಿನ ಸೀಸೆಗೆ ಕತ್ತಿನವರೆಗೆ ತುಂಬಿ, ಮೊಹರು ಹಾಕಿ, ದಿನಾಂಕ ಬರೆದು, ಫೋಟೋ ತೆಗೆದು ಮಾರಿದವನಿಗೂ ಕಳಿಸಿ, ಬಿಸಿಲು ತಾಗದ ತಂಪಿನಲ್ಲಿ ಇಡಿ. ಹಣದ ಒಂದು ಭಾಗವನ್ನು ಸ್ವಂತ ಪರೀಕ್ಷೆಯ ಫಲಿತಾಂಶ ಬರುವವರೆಗೆ ತಡೆಹಿಡಿಯುವ ಷರತ್ತನ್ನು ಬರಹದಲ್ಲೇ ಒಪ್ಪಿಸಿಕೊಳ್ಳಿ. ಬಿಲ್ಲಿನ ಕರಡನ್ನು ಮೊದಲೇ ತರಿಸಿ, ಅದರಲ್ಲಿ 3301 ಇದೆಯೇ, ಹೂವಿನ ಜಾತಿಯ ಹೆಸರು ಮತ್ತು ಬ್ಯಾಚ್ ಸಂಖ್ಯೆ ಇವೆಯೇ ಎಂದು ನೋಡಿ.

ಈ ಸರಕನ್ನು ಈಗಾಗಲೇ ತರಿಸಿಕೊಂಡವರು ಉಳಿದದ್ದನ್ನು ಬೇರೆ ಯಾವುದಕ್ಕೂ ಬೆರೆಸದೆ, ಡಬ್ಬಿಯನ್ನೂ ಅದರ ಚೀಟಿಯನ್ನೂ ಕೊರಿಯರ್ ರಸೀದಿಯನ್ನೂ ಹಾಗೆಯೇ ಇಟ್ಟುಕೊಂಡು, ನೀರಿನ ಲೋಟದ ಪರೀಕ್ಷೆಯನ್ನು ಇವತ್ತೇ ಮಾಡಿ ನೋಡಿ. ಹನಿ ತಳಕ್ಕೆ ಇಳಿದರೆ ಪರೀಕ್ಷೆಗೆ ಕಳಿಸಿ, ಮಾರಿದವನಿಗೆ ಬರಹದಲ್ಲಿ ತಕರಾರು ಕೊಡಿ. ಸರಕು ಬಂದು ಬಹಳ ಕಾಲ ಸುಮ್ಮನಿದ್ದರೆ ಒಪ್ಪಿಕೊಂಡಂತೆ ಎಂದು ವಾದಿಸಲು ಅವನಿಗೆ ಅವಕಾಶವಾಗುತ್ತದೆ.